ನೆಲಕ್ಕೆ ಬೀಳದ ಎಣ್ಣೆ

ಕಾರು ಕಲಿಸುವವರಿಗೆ ಊರು ಏನಾದರೊಂದು ಅಡ್ಡಹೆಸರು ಇಟ್ಟೇ ಇಡುತ್ತದೆ. ಇವರಿಗೆ ಇಟ್ಟದ್ದು ಕ್ಲಚ್ ಮೇಷ್ಟ್ರು ಎಂದು. ಮೂವತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತು “ಕ್ಲಚ್ ರೀ, ಮೊದಲು ಕ್ಲಚ್” ಎಂದು ಕೂಗಿ ಕೂಗಿ ಅವರ ದನಿ ಒಡೆದುಹೋಗಿತ್ತು. ಊರಿನಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧ ಜನ ಒಂದಲ್ಲ ಒಂದು ದಿನ ಅವರ ಕೈಲಿ ಬೈಸಿಕೊಂಡವರೇ. ಹೀಗಾಗಿ ಅವರ ಹೆಂಡತಿ ಎಲ್ಲರ ಬಾಯಲ್ಲೂ ಮೇಷ್ಟ್ರಮ್ಮ.

ಎರಡು ವರ್ಷದ ಹಿಂದೆ ಮೇಷ್ಟ್ರಿಗೆ ಕಣ್ಣು ಕೈಕೊಟ್ಟಿತು. ಎದುರಿಗಿದ್ದದ್ದು ಮಸುಕು, ಅಂಚಿನಲ್ಲಿದ್ದದ್ದು ಮಾತ್ರ ಒಂದಿಷ್ಟು ಸ್ಪಷ್ಟ. ಆಪರೇಷನ್ ಮಾಡಿದರೆ ಸರಿಹೋಗುವಂಥದ್ದಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ಲೈಸೆನ್ಸು ಹೋಯಿತು. ಮಗಳು ತಾನು ಮಾಡುತ್ತಿದ್ದ ಗುಮಾಸ್ತೆ ಕೆಲಸ ಬಿಟ್ಟು ಡ್ರೈವಿಂಗ್ ಶಾಲೆಯನ್ನು ವಹಿಸಿಕೊಂಡಳು. ಫ್ಯಾನು, ಮಿಕ್ಸಿ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಳಿಯ ಬಾಡಿಗೆ ಮನೆ ಖಾಲಿ ಮಾಡಿ ಹೆಂಡತಿಯೊಂದಿಗೆ ಇಲ್ಲಿಗೇ ಬಂದ. ಮನೆಯಲ್ಲಿ ಈಗ ನಾಲ್ಕು ಜನ, ಅಂಗಳದಲ್ಲಿ ಒಂದು ಕಾರು. ಕಲಿಯುವವರ ಕಾಲಿಗೆ ಒಂದು ಬ್ರೇಕು, ಕಲಿಸುವವರ ಕಾಲಿಗೆ ಇನ್ನೊಂದು ಬ್ರೇಕು ಇರುವ ಹನ್ನೊಂದು ವರ್ಷದ ಹಳೆಯ ಕಾರು.

ಮೇಷ್ಟ್ರಿಗೆ ಉಳಿದದ್ದು ಒಂದೇ ಕೆಲಸ. ಬೆಳಿಗ್ಗೆ ಆರೂವರೆಗೆ ಬಾನೆಟ್ ಎತ್ತಿ, ಎಣ್ಣೆ, ನೀರು, ಬೆಲ್ಟು ಎಲ್ಲವನ್ನೂ ಕತ್ತು ಓರೆ ಮಾಡಿ ನೋಡಿ, ಬೆರಳಿಂದ ಮುಟ್ಟಿ, ಕೈ ಒರೆಸಿಕೊಳ್ಳುತ್ತ “ಹೊರಡಬಹುದು” ಎನ್ನುವುದು. ಅಪ್ಪನ ಬಾಯಿಂದ ಆ ಮಾತು ಬಾರದೆ ಮಗಳು ಕಾರು ತೆಗೆಯುತ್ತಿರಲಿಲ್ಲ. ಅವಳು ಬಾನೆಟ್ ಮುಟ್ಟಲು ಹೋದರೆ ಮೇಷ್ಟ್ರ ಮುಖ ಸಣ್ಣದಾಗುತ್ತಿತ್ತು. ಅದನ್ನು ಕಂಡವಳೇ ಅವಳು ಸುಮ್ಮನಾಗಿಬಿಟ್ಟಿದ್ದಳು.

ಮೇಷ್ಟ್ರಮ್ಮನಿಗೆ ಅನುಮಾನ ಬಂದದ್ದು ಹಿತ್ತಲ ಬಾಗಿಲಿನ ಕಪಾಟು ಒರೆಸುವಾಗ. ಸೋಪಿನ ಪುಡಿ, ಫಿನಾಯಿಲು, ಹಳೇ ಬ್ರಷ್ಷು, ಅವುಗಳ ನಡುವೆ ಬ್ರೇಕ್ ಆಯಿಲಿನ ಡಬ್ಬಿ. ವರ್ಷಕ್ಕೊಂದು ಡಬ್ಬಿ ಬಂದರೆ ಹೆಚ್ಚು. ಅದರಲ್ಲೂ ಅರ್ಧ ಹಾಗೇ ಉಳಿದು, ಕೊನೆಗೆ ಎಸೆಯಬೇಕಾಗುತ್ತಿತ್ತು. ಈಗ ಎತ್ತಿ ನೋಡಿದರೆ ಖಾಲಿ. ಮುಂದಿನ ವಾರ ಹೊಸ ಡಬ್ಬಿ ಬಂತು. ಅದೂ ಹತ್ತು ದಿನದಲ್ಲಿ ಹಗುರವಾಯಿತು.

ಮಗಳು ಮೊದಲ ಪಾಠಕ್ಕೆ ಹೊರಟ ಮೇಲೆ ಆಕೆ ಗಂಡನ ಮುಂದೆ ಟೀ ಇಟ್ಟು ವಿಚಾರಿಸಿದರು. ಕಾರಿಗೆ ವಯಸ್ಸಾಯಿತು, ಕುಡಿಯುತ್ತದೆ ಎಂದರು ಮೇಷ್ಟ್ರು.

“ಪೆಟ್ರೋಲ್ ಕುಡಿಯತ್ತೆ ಸರಿ. ಬ್ರೇಕಿನ ಎಣ್ಣೆನೂ ಕುಡಿಯತ್ತೇನ್ರೀ?”

“ನಿನಗ್ಯಾಕೆ ಅದೆಲ್ಲ? ದಿನಾ ನೋಡಿ ಹಾಕ್ತಾ ಇದೀನಲ್ಲ.”

“ಅವಳಿಗೆ ಗೊತ್ತಾ?”

ಮೇಷ್ಟ್ರು ಟೀ ಆರುವ ಮೊದಲೇ ಕುಡಿದು ಬಾಯಿ ಸುಟ್ಟುಕೊಂಡರು. ಅವಳಿಗೆ ಹೇಳಬೇಡ, ಸುಮ್ಮನೆ ಹೆದರುತ್ತಾಳೆ, ಎಲ್ಲಿಂದ ಹೋಗುತ್ತಿದೆ ಎಂದು ನಾನೇ ಹುಡುಕುತ್ತೇನೆ ಎಂದರು. ಮೇಷ್ಟ್ರಮ್ಮ ಒಪ್ಪಿದರು. ಮೂವತ್ತೆರಡು ವರ್ಷ ಕಾರಿನ ಮಾತು ಗಂಡನದು, ಒಲೆಯ ಮಾತು ತನ್ನದು ಎಂದು ನಡೆದುಕೊಂಡು ಬಂದ ಮನೆ ಅದು.

ಹುಡುಕಿದ್ದಂತೂ ನಿಜ. ಮಧ್ಯಾಹ್ನ ಮಗಳು ಊಟ ಮಾಡಿ ಅರ್ಧ ಗಂಟೆ ಅಡ್ಡಾದರೆ, ಮೇಷ್ಟ್ರು ಗೋಣಿಚೀಲ ಹಾಸಿಕೊಂಡು ಕಾರಿನ ಹಿಂದಿನ ಚಕ್ರದ ಪಕ್ಕ ಮಲಗಿ ಒಳಗೆ ಕೈ ತೂರಿಸುತ್ತಿದ್ದರು. ಕೈ ಹೊರಗೆ ತೆಗೆದು ಮೂಸಿ ನೋಡುತ್ತಿದ್ದರು. ಬರೀ ಧೂಳು. ನೆಲದ ಮೇಲೂ ಒಂದು ಹನಿಯಿಲ್ಲ. ಮರುದಿನ ಬೆಳಿಗ್ಗೆ ಎಣ್ಣೆ ಮಾತ್ರ ಮತ್ತೆ ಕೆಳಗೆ.

ಐದನೆಯ ವಾರ ಮೇಷ್ಟ್ರಿಗೆ ಜ್ವರ ಬಂತು. ಸುಮ್ಮನೆ ಬೆಚ್ಚಗಾಗುವ ಜ್ವರವಲ್ಲ. ಎದ್ದು ನಿಂತರೆ ಗೋಡೆ ಹಿಡಿಯಬೇಕಾದಂಥದ್ದು. ಎರಡು ದಿನ ಗಂಜಿ ಕುಡಿದು ಮಲಗಿದರು. ಈ ನಾಲ್ಕು ದಿನ ನಾನೇ ನೋಡಿಕೊಳ್ಳುತ್ತೇನೆ ಎಂದಳು ಮಗಳು. ನಿನ್ನೆಯಷ್ಟೇ ಎಲ್ಲ ನೋಡಿದ್ದೇನೆ, ಒಂದು ವಾರ ಬಾನೆಟ್ ತೆಗೆಯುವ ಅಗತ್ಯವೇ ಇಲ್ಲ ಎಂದುಬಿಟ್ಟರು ಮೇಷ್ಟ್ರು. ಅವಳು ನಂಬಿದಳು.

ಮೂರನೆಯ ದಿನ ಬೆಳಿಗ್ಗೆ ಮೇಷ್ಟ್ರು ಹೆಂಡತಿಯ ಕೈ ಹಿಡಿದರು. ಅಂಗೈ ಕೆಂಡದ ಹಾಗಿತ್ತು.

“ಡಬ್ಬಿ ತಗೊಂಡು ಹೋಗು. ಬಾನೆಟ್ ಒಳಗೆ ಬಲಗಡೆ, ಮೂಲೇಲಿ, ಬಿಳೀ ಪ್ಲಾಸ್ಟಿಕ್ ಬಟ್ಟಲಿದೆ. ಮುಚ್ಚಳ ತಿರುಗಿಸಿ ಮೇಲಿನ ಗೆರೆ ತನಕ ಹಾಕು. ಅವಳು ಸ್ನಾನಕ್ಕೆ ಹೋದಾಗ.”

“ನಂಗೆ ಗೊತ್ತಾಗತ್ತಾ ಅದೆಲ್ಲ?”

“ಒಂದು ಬಟ್ಟಲಿಗೆ ಎಣ್ಣೆ ಹಾಕೋದು ಕಣೇ. ಇವತ್ತು ಹಾಕಲೇಬೇಕು.”

ಮೇಷ್ಟ್ರಮ್ಮ ಹಾಲು ಉಕ್ಕದಂತೆ ಒಲೆ ಸಣ್ಣ ಮಾಡಿ, ಅಳಿಯನ ಡಬ್ಬಿಗೆ ಊಟ ತುಂಬಿ, ಕಪಾಟಿನಿಂದ ಎಣ್ಣೆ ತೆಗೆದು ಅಂಗಳಕ್ಕೆ ಬಂದರು. ಗೇಟು ತೆರೆದಿತ್ತು. ಕಾರು ಇರಲಿಲ್ಲ. ಮೊದಲ ಪಾಠಕ್ಕೆ ಬರುವ ಅಂಚೆ ಕಚೇರಿಯಾಕೆಗೆ ಅಂದು ಬೇಗ ಕೆಲಸಕ್ಕೆ ಹೋಗಬೇಕಿತ್ತಂತೆ. ಪಾಠ ಅರ್ಧ ಗಂಟೆ ಮುಂಚೆ ಇಟ್ಟುಕೊಂಡಿದ್ದಾರೆ ಎಂದು ಅಳಿಯ ಹಲ್ಲುಜ್ಜುತ್ತ ಹೇಳಿದ.

ಆಕೆ ಡಬ್ಬಿ ಹಿಡಿದು ಅಂಗಳದಲ್ಲಿ ನಿಂತರು. ಫೋನು ಒಳಗೆ ಫ್ರಿಜ್ಜಿನ ಮೇಲಿತ್ತು. ಫೋನು ಮಾಡಿದರೆ ಏನೆಂದು ಹೇಳುವುದು? ಒಂದು ಹೇಳಿದರೆ ಎಲ್ಲವನ್ನೂ ಹೇಳಬೇಕು. ಗಂಡ ಐದು ವಾರ ಬಚ್ಚಿಟ್ಟದ್ದು ಹೊರಗೆ ಬರುತ್ತದೆ, ಅದೂ ಅವರು ಏಳಲಾಗದೆ ಬಿದ್ದಿರುವಾಗ. ಒಂದು ದಿನಕ್ಕೆ ಏನಾದೀತು ಎಂದುಕೊಂಡು ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬಂದರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಡಿತ್ತು. ಅದನ್ನು ಒರೆಸುತ್ತ ಕೂತರು.

ಎಂಟೂಕಾಲಿಗೆ ಮಗಳ ಫೋನು ಬಂತು.

ನಡೆದದ್ದು ಇಷ್ಟು. ಆಸ್ಪತ್ರೆಯ ಮುಂದಿನ ಇಳಿಜಾರಿನಲ್ಲಿ ಅಂಚೆ ಕಚೇರಿಯಾಕೆ ಗಾಡಿ ಇಳಿಸುತ್ತಿದ್ದರು. ಕೆಳಗೆ ಬಸ್ ನಿಲ್ದಾಣದ ಬಳಿ ನಿಲ್ಲಿಸಿ ಎಂದಳು ಮಗಳು. ಅವರು ಬ್ರೇಕ್ ಒತ್ತಿದರು. ಪೆಡಲ್ಲು ಹಿಟ್ಟಿನೊಳಗೆ ಕಾಲಿಟ್ಟಂತೆ ನೆಲದ ತನಕ ಇಳಿಯಿತು. ಮಗಳು ತನ್ನ ಪೆಡಲ್ಲು ಒತ್ತಿದಳು. ಪೆಡಲ್ಲು ಎರಡಿದ್ದರೂ ಎರಡಕ್ಕೂ ಎಣ್ಣೆ ಒಂದೇ, ಅವಳದೂ ಇಳಿಯಿತು. ಹ್ಯಾಂಡ್‌ಬ್ರೇಕ್ ಎಳೆದು ಸ್ಟಿಯರಿಂಗ್ ತಿರುಗಿಸಿದಳು. ಕಾರು ಫುಟ್‌ಪಾತ್ ಹತ್ತಿ ನಿಲ್ದಾಣದ ಕಲ್ಲುಬೆಂಚಿಗೆ ಗುದ್ದಿ ನಿಂತಿತು. ಬೆಂಚಿನ ಮೇಲಿದ್ದವರು ಆಗಷ್ಟೇ ಬಸ್ಸು ಬಂದು ಎದ್ದುಹೋಗಿದ್ದರು. ಬಸ್ಸಿನ್ನೂ ಹೊರಟಿರಲಿಲ್ಲ, ಕಿಟಕಿಗಳಲ್ಲಿ ಮುಖಗಳು ತುಂಬಿಕೊಂಡವು.

ಯಾರಿಗೂ ಏನೂ ಆಗಲಿಲ್ಲ. ಕಾರಿನ ಮುಂದಿನ ಬಂಪರು ಮುರಿಯಿತು. ಅಂಚೆ ಕಚೇರಿಯಾಕೆ ಸ್ಟಿಯರಿಂಗ್ ಬಿಡದೆ ಹತ್ತು ನಿಮಿಷ ಹಾಗೇ ಕೂತಿದ್ದರಂತೆ; ಮಗಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತಂತೆ.

ಕಾರನ್ನು ಎಳೆದುಕೊಂಡು ಹೋದ ಗ್ಯಾರೇಜಿನವನು ಮೇಷ್ಟ್ರ ಹಳೆಯ ಶಿಷ್ಯ. ಬ್ರೇಕ್ ಎಣ್ಣೆ ತಳ ಕಂಡಿದೆ, ಪೈಪಿಗೆ ಒಂದಿಷ್ಟು ಗಾಳಿ ಹೊಕ್ಕಿದೆ ಎಂದ. ಎಣ್ಣೆ ತುಂಬಿ, ಗಾಳಿ ತೆಗೆದು, ನಾಲ್ಕು ಚಕ್ರವನ್ನೂ ನೋಡಿದ. ಎಲ್ಲೂ ಹಸಿಯಿಲ್ಲ. ಬ್ರೇಕಿನ ಪ್ಯಾಡು ಸವೆದ ಹಾಗೆ ಎಣ್ಣೆಯ ಮಟ್ಟ ತಾನಾಗೇ ಇಳಿಯುತ್ತದೆ, ಮೇಷ್ಟ್ರ ಕಣ್ಣಿಗೆ ತಪ್ಪಿರಬೇಕು ಎಂದ. ಇಷ್ಟು ಗಾಳಿಗೆ ಬ್ರೇಕು ಮೆತ್ತಗಾಗುತ್ತದೆಯೇ ಹೊರತು ಪೂರಾ ಹೋಗುವುದಿಲ್ಲ, ಆಯಮ್ಮ ಗಾಬರಿಯಲ್ಲಿ ಕ್ಲಚ್ ತುಳಿದಿರಬೇಕು ಎಂತಲೂ ಸೇರಿಸಿದ. ಆದರೂ ಅನುಮಾನ ಬೇಡ, ಬಟ್ಟಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ಒಂದು ವಾರ ಓಡಿಸಿ ನೋಡು ಎಂದು ಮಗಳಿಗೆ ಹೇಳಿ ಕಳಿಸಿದ.

ಮಗಳು ಪಾಠಗಳನ್ನೆಲ್ಲ ನಿಲ್ಲಿಸಿದಳು. ಗೆರೆ ಎಳೆದಳು. ದಿನಾ ಒಬ್ಬಳೇ ಊರ ಹೊರಗಿನ ಖಾಲಿ ಮೈದಾನಕ್ಕೆ ಹೋಗಿ, ನಿಧಾನಕ್ಕೆ ಓಡಿಸಿ, ನೂರು ಸಲ ಬ್ರೇಕ್ ಒತ್ತಿ ಬಂದಳು. ಬೆಳಿಗ್ಗೆ ಏಳಕ್ಕೆ ಬಾನೆಟ್ ತೆಗೆದು ನೋಡಿದರೆ ಎಣ್ಣೆ ಗೆರೆಯಿಂದ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಒಂದು ವಾರ ಹೀಗೇ ಆಯಿತು. ಮನೆಗೆ ಉಸಿರು ಬಂದಂತಾಯಿತು. ಊಟಕ್ಕೆ ಕೂತಾಗ ಅಳಿಯ, “ಅತ್ತೆ, ಇನ್ನು ಮೇಲೆ ಆ ಕಾರಿನ ಮುಂದೆ ನಿಂಬೆಹಣ್ಣಿನ ಬದಲು ಒಂದು ಬೆಂಚು ಕಟ್ಟಿಬಿಡೋಣ, ಗುದ್ದೋಕೆ ಅಭ್ಯಾಸ ಆಗಿದೆ” ಎಂದ. ಮಗಳು ನಕ್ಕಳು. ಮೇಷ್ಟ್ರು ತಲೆ ಎತ್ತದೆ ಅನ್ನ ಕಲಸಿದರು.

ಮೇಷ್ಟ್ರಮ್ಮ ಮಾತ್ರ ನಗಲಿಲ್ಲ. ಯಾಕೆಂದರೆ ಕಾರು ಗ್ಯಾರೇಜಿನಿಂದ ಬರುವ ಹೊತ್ತಿಗೆ ಜ್ವರ ಬಿಟ್ಟು, ಮರುದಿನದಿಂದಲೇ ಮೇಷ್ಟ್ರು ಆರು ಗಂಟೆಗೆ, ಮಗಳು ಏಳುವ ಮೊದಲೇ, ಡಬ್ಬಿ ಹಿಡಿದು ಅಂಗಳಕ್ಕೆ ಹೋಗುತ್ತಿದ್ದರು. ಗೆರೆ ಅವರಿಗೆ ಕಾಣುತ್ತಿರಲಿಲ್ಲ. ಬೆರಳಿನ ತುದಿ ಅದ್ದಿ ಅಳೆಯುತ್ತಿದ್ದರು. ಅಡಿಗೆಮನೆಯ ಕಿಟಕಿಯಿಂದ ಆಕೆ ನೋಡಿದರು. ಎರಡನೆಯ ದಿನವೂ ನೋಡಿದರು. ಗಂಡ ಒಳಗೆ ಬಂದಾಗ, “ಇನ್ನೂ ಇಳೀತಿದೆಯಾ?” ಎಂದು ಕೇಳಿದರು. ಮೇಷ್ಟ್ರು ಡಬ್ಬಿಯನ್ನು ಕಪಾಟಿನಲ್ಲಿಟ್ಟು ಕೈ ತೊಳೆಯಲು ಹೋದರು.

ಆ ಶನಿವಾರ ಅಂಚೆ ಕಚೇರಿಯಾಕೆ ಫೋನು ಮಾಡಿದರು. ಮಗಳು ಸ್ಪೀಕರಿನಲ್ಲಿಟ್ಟು ಬಟ್ಟೆ ಮಡಚುತ್ತಿದ್ದಳು, ಹಾಗಾಗಿ ಮೇಷ್ಟ್ರಮ್ಮನಿಗೂ ಕೇಳಿಸಿತು. ಐವತ್ತೊಂದನೆಯ ವಯಸ್ಸಿಗೆ ಕಾರು ಕಲಿಯಲು ಹೊರಟಾಗ ಮನೆಯವರೆಲ್ಲ ನಕ್ಕಿದ್ದರಂತೆ. ನಡೆಯಲಾರದ ಅಕ್ಕನನ್ನು ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕೆಂದು ಆಸೆಯಿತ್ತಂತೆ. ಇನ್ನು ಸಾಕು, ಬರುವುದಿಲ್ಲ ಎಂದರು.

“ಕಾರಿಗೇನೂ ಆಗಿಲ್ಲ ಅಂದ್ರಂತಲ್ಲ. ನನ್ನ ಕಾಲೇ ಸರಿ ಇಲ್ಲ ಮಗಾ. ಬ್ರೇಕ್ ಅಂತ ಏನೋ ತುಳಿದಿದೀನಿ. ಆ ಬೆಂಚ್ ಮೇಲೆ ಯಾರಾದ್ರೂ ಇದ್ದಿದ್ರೆ?”

ಹಾಗೆಲ್ಲ ಅಂದುಕೊಳ್ಳಬೇಡಿ ಮೇಡಂ ಎಂದಳು ಮಗಳು. ನಿಮ್ಮ ತಪ್ಪಲ್ಲ ಎಂದು ಮಾತ್ರ ಅವಳ ಬಾಯಿಂದ ಬರಲಿಲ್ಲ. ತನ್ನ ಪೆಡಲ್ಲೂ ಇಳಿದದ್ದು ಗಾಬರಿಗೆ ಹಾಗೆ ತೋರಿದ್ದೇನೋ ಎಂದು, ಒಂದು ವಾರ ಗೆರೆ ನೋಡಿದ ಮೇಲೆ, ಅವಳಿಗೂ ಅನ್ನಿಸತೊಡಗಿತ್ತು.

ಸೋಮವಾರ ಪಾಠಗಳು ಮತ್ತೆ ಶುರುವಾಗಬೇಕಿತ್ತು. ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತರು. ಮೇಷ್ಟ್ರಮ್ಮ ಎಲ್ಲರಿಗೂ ಬಡಿಸಿದರು, ತಾವು ಹಾಕಿಕೊಳ್ಳಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಡಬ್ಬಿ ತಂದು ಉಪ್ಪಿನ ಬಟ್ಟಲಿನ ಪಕ್ಕ ಇಟ್ಟರು.

“ಇದು ನಾಲ್ಕನೇ ಡಬ್ಬಿ. ನಿಮ್ಮಪ್ಪ ದಿನಾ ಬೆಳಿಗ್ಗೆ ಹಾಕ್ತಾರೆ. ನೀನು ಗೆರೆ ಎಳೆದ ಮೇಲೂ ಹಾಕಿದಾರೆ.”

ಮಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಡಬ್ಬಿ ಎತ್ತಿ ಅಲ್ಲಾಡಿಸಿದಳು.

“ನಿಜಾನಾ ಅಪ್ಪಾ?”

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಮುಖ ಕಾಣಲಿಲ್ಲವೇನೋ, ಕತ್ತು ಓರೆ ಮಾಡಿದರು. “ಹೂಂ” ಎಂದರು.

“ಒಂದು ವಾರ ನಾನು ಮೈದಾನದಲ್ಲಿ ಗಾಣದೆತ್ತಿನ ಹಾಗೆ ಸುತ್ತಿದೀನಿ. ನೀವು ನಂಗೆ ಸುಳ್ಳು ಗೆರೆ ತೋರಿಸ್ತಿದ್ರಾ?”

“ಹಿಂದಿನ ಚಕ್ರದ ಬ್ರೇಕಿನ ರಬ್ಬರು ಹೋದ ವರ್ಷ ನಾನೇ ಹಾಕಿದ್ದು. ಬೇಡ, ಗ್ಯಾರೇಜಿಗೆ ಕೊಡೋಣ ಅಂತ ನೀನು ಅಂದೆ. ನಾನು ಕೇಳ್ಲಿಲ್ಲ. ಕಣ್ಣಿಲ್ಲದವನು ಹಾಕಿದ ರಬ್ಬರು ಸೋರ್ತಿದೆ ಅಂತ ನಿನ್ನ ಹತ್ರ ಹೆಂಗೆ ಹೇಳ್ಲಿ?”

“ಹೇಳ್ಬೇಕಿತ್ತು.”

“ಹೇಳಿದ್ರೆ ಬಾನೆಟ್ ಮುಟ್ಟೋಕೂ ಬಿಡ್ತಿರ್ಲಿಲ್ಲ ನೀನು.”

“ಬಿಡ್ತಿರ್ಲಿಲ್ಲ. ಅದಕ್ಕೇ ಕಲಿಯೋಕೆ ಬರೋ ಹನ್ನೊಂದು ಜನಾನ ಬ್ರೇಕಿಲ್ಲದ ಗಾಡೀಲಿ ಕೂರಿಸಿದ್ರಾ? ಅವರ ಜೊತೆ ನನ್ನನ್ನೂ?”

ಮೇಷ್ಟ್ರಮ್ಮ ಇನ್ನೂ ನಿಂತೇ ಇದ್ದರು. ಜ್ವರದ ದಿನ ನಿನ್ನ ಅಮ್ಮನಿಗೆ ಹಾಕಲು ಹೇಳಿದ್ದೆ, ಅವಳು ಹಾಕಲಿಲ್ಲ ಎಂದು ಗಂಡ ಈಗ ಹೇಳುತ್ತಾರೆ ಎಂದು ಕಾದರು. ಮೇಷ್ಟ್ರು ಹೇಳಲಿಲ್ಲ. ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದರು. ಮಗಳು ಹಿತ್ತಲಿಗೆ ಹೋದಳು. ಅಳಿಯ ಒಬ್ಬನೇ ಊಟ ಮುಗಿಸಿ, ಏನೂ ತೋಚದೆ, ಎಲ್ಲರ ತಟ್ಟೆಯನ್ನೂ ತೊಳೆದಿಟ್ಟ.

ಎರಡು ದಿನ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಪ್ಪ ತಿಂದ ಮೇಲೆ ಮಗಳು, ಮಗಳು ತಿಂದ ಮೇಲೆ ತಾಯಿ. ಸೋಮವಾರದ ಪಾಠಗಳನ್ನು ಮಗಳು ರದ್ದು ಮಾಡಿ, ಕೀಲಿಯನ್ನು ತನ್ನ ಪರ್ಸಿನಲ್ಲಿ ಹಾಕಿಕೊಂಡಿದ್ದಳು. ರಾತ್ರಿಯ ರೊಟ್ಟಿ ಮಿಕ್ಕಿತು, ಬೆಳಗಿನ ಅನ್ನ ಮಿಕ್ಕಿತು.

ಮೂರನೆಯ ದಿನ ಬೆಳಿಗ್ಗೆ ಅವಳು ಗ್ಯಾರೇಜಿನವನಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವನು ತಬ್ಬಿಬ್ಬಾದ. ಹಾಗಾದರೆ ಆ ಕಾರನ್ನು ರಸ್ತೆಗಿಳಿಸಲೇಬೇಡ, ನಾನೇ ಬರುತ್ತೇನೆ ಎಂದು ಸಾಮಾನು ಹೊತ್ತುಕೊಂಡು ಬಂದ. ಜ್ಯಾಕ್ ಕೊಟ್ಟು ಹಿಂದಿನ ಚಕ್ರಗಳನ್ನು ಬಿಚ್ಚಿ, ಒಳಗಿನ ರಬ್ಬರನ್ನು ಎತ್ತಿ ನೋಡಿದ.

“ಮೇಷ್ಟ್ರೇ, ಇಲ್ಲಿ ಒಣಕಲು. ನೀವು ಹಾಕಿದ್ದು ಗಟ್ಟಿಯಾಗಿ ಕೂತಿದೆ, ಸೋರಿಲ್ಲ.”

ಮೆಟ್ಟಿಲ ಮೇಲೆ ಕೂತಿದ್ದ ಮೇಷ್ಟ್ರು ಎದ್ದು ಬಂದರು. ಯಾರೂ ಕರೆದಿರಲಿಲ್ಲ, ಯಾರೂ ತಡೆಯಲೂ ಇಲ್ಲ. ಮುಂದಿನ ಚಕ್ರಗಳೂ ಒಣಗಿದ್ದವು. ಪೈಪುಗಳ ಉದ್ದಕ್ಕೂ ಬಿಳಿ ಬಟ್ಟೆ ಎಳೆದರು. ಬಟ್ಟೆಗೆ ಕೆಸರು ಹತ್ತಿತೇ ಹೊರತು ಎಣ್ಣೆಯಲ್ಲ. ಹಿಂದಿನ ದಿನವೇ ಮಗಳು ಕಾರಿನಡಿ ರಟ್ಟು ಹಾಸಿ, ನಿಂತಲ್ಲೇ ನೂರು ಸಲ ಬ್ರೇಕ್ ಒತ್ತಿ ಬಿಟ್ಟಿದ್ದಳು. ಅದರ ಮೇಲೂ ಕಲೆಯಿಲ್ಲ. ಆದರೂ ಬಟ್ಟಲಿನಲ್ಲಿ ಎಣ್ಣೆ ಗೆರೆಗಿಂತ ಅರ್ಧ ಬೆರಳು ಕೆಳಗೆ.

“ನೆಲಕ್ಕೆ ಬೀಳ್ದೆ ಎಲ್ಲಿಗೆ ಹೋಗತ್ತೆ?” ಎಂದಳು ಮಗಳು. ಯಾರನ್ನು ಕೇಳಿದಳೋ ಗೊತ್ತಾಗಲಿಲ್ಲ.

ಮೇಷ್ಟ್ರು ಬಾನೆಟ್ಟಿನೊಳಗೆ ಬಗ್ಗಿದರು. ಎಣ್ಣೆಯ ಬಟ್ಟಲು ಕೂತಿರುವುದು ಮಾಸ್ಟರ್ ಸಿಲಿಂಡರಿನ ಮೇಲೆ. ಆ ಸಿಲಿಂಡರನ್ನು ಬಿಗಿದಿರುವುದು ಬೂಸ್ಟರ್ ಎನ್ನುವ, ದೊಡ್ಡ ತಟ್ಟೆಯಂಥ ಕರಿಯ ತಗಡಿನ ಡಬ್ಬಕ್ಕೆ. ಕಾಲಿನ ಒತ್ತಡಕ್ಕೆ ಬಲ ಕೊಡುವುದು ಅದೇ. ಎರಡೂ ಕೂಡುವ ಜಾಗದ ಕೆಳಗೆ ಕಣ್ಣು ಇದ್ದವರಿಗೂ ಕಾಣದ ಇಕ್ಕಟ್ಟು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಬೆರಳು ಅಲ್ಲಿಗೆ ತೂರಿಸಿದರು. ಬೆರಳು ಒಂದು ಕಡೆ ನಿಂತಿತು, ಹಿಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು.

“ಇಲ್ಲಿ ಬಣ್ಣ ಎದ್ದಿದೆ,” ಎಂದರು. “ಬೆಂದ ಆಲೂಗಡ್ಡೆ ಸಿಪ್ಪೆ ಥರ ಸುಲೀತಿದೆ.”

ಗ್ಯಾರೇಜಿನವನು ಟಾರ್ಚು, ಸಣ್ಣ ಕನ್ನಡಿ ಹಿಡಿದು ನೋಡಿ ತಲೆ ಚಚ್ಚಿಕೊಂಡ. ಬ್ರೇಕ್ ಎಣ್ಣೆ ಬಿದ್ದ ಕಡೆ ಬಣ್ಣ ನಿಲ್ಲುವುದಿಲ್ಲ. ಎರಡು ನಟ್ಟು ಬಿಚ್ಚಿ ಸಿಲಿಂಡರನ್ನು ಮುಂದಕ್ಕೆ ಎಳೆದ. ಅದರ ಹಿಂಭಾಗ ಒದ್ದೆಯಾಗಿ ಮಿನುಗುತ್ತಿತ್ತು. ಬೂಸ್ಟರಿನೊಳಗೆ ಸಣ್ಣ ಪೈಪು ಇಳಿಬಿಟ್ಟು ಎಳೆದಾಗ ಹಳದಿ ಎಣ್ಣೆ ಬಂತು, ಬರುತ್ತಲೇ ಇತ್ತು. ಮೇಷ್ಟ್ರಮ್ಮ ಕೊಟ್ಟಿದ್ದ ಹಳೆಯ ಲೋಟ ತುಂಬಿ ಇನ್ನೊಂದು ಬೇಕಾಯಿತು. ಸಿಲಿಂಡರಿನ ಹಿಂದಿನ ರಬ್ಬರು ವಯಸ್ಸಾಗಿ ಸವೆದು, ಒತ್ತಿದಾಗಲೆಲ್ಲ ಒಂದಿಷ್ಟು ಎಣ್ಣೆಯನ್ನು ಹಿಂದಕ್ಕೆ ಬಿಟ್ಟುಕೊಡುತ್ತಿತ್ತು. ಬಿದ್ದ ಎಣ್ಣೆಯನ್ನು ಬೂಸ್ಟರು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿತ್ತು.

ಯಾರು ಹಾಕಿದ್ದು ಈ ರಬ್ಬರು ಎಂದು ಮೇಷ್ಟ್ರು ಕೇಳಿದರು.

“ಕಂಪನಿಯಿಂದ ಬಂದಾಗಿಂದ ಇರೋದೇ. ಯಾರ ಕೈವಾಡಾನೂ ಅಲ್ಲ ಮೇಷ್ಟ್ರೇ. ಹನ್ನೊಂದು ವರ್ಷ ಆಯ್ತಲ್ಲ.”

ಮೇಷ್ಟ್ರು ಬಟ್ಟೆಗೆ ಕೈ ಒರೆಸಿದರು. ಕೈ ಸ್ವಚ್ಛವಾದ ಮೇಲೂ ಒರೆಸುತ್ತಲೇ ಇದ್ದರು. “ಹಂಗಾದ್ರೆ ಮುಚ್ಚಿಡೋಕೆ ಏನೂ ಇರ್ಲೇ ಇಲ್ಲ” ಎಂದರು, ಮೆಲ್ಲಗೆ. ಮಗಳಿಗೆ ಕೇಳಿಸಿತು. ಕೇಳಿಸದವಳಂತೆ ನಟ್ಟುಗಳನ್ನು ಆರಿಸಿ ಮುಚ್ಚಳದಲ್ಲಿ ಹಾಕಿದಳು.

ಹೊಸ ಸಿಲಿಂಡರು, ಹೊಸ ಬೂಸ್ಟರು ಬಂದು ಕೂರುವಷ್ಟರಲ್ಲಿ ಎರಡು ದಿನವಾಯಿತು. ಕೊನೆಯಲ್ಲಿ ಉಳಿದದ್ದು ಪೈಪುಗಳಿಂದ ಗಾಳಿ ತೆಗೆಯುವ ಕೆಲಸ. ಗ್ಯಾರೇಜಿನವನು ಚಕ್ರದ ಹತ್ತಿರ ಸ್ಪಾನರ್ ಹಿಡಿದು ಕೂತ. ಮೇಷ್ಟ್ರು ಪೈಪಿನ ತುದಿಯನ್ನು ಬಾಟಲಿಯೊಳಗೆ ಹಿಡಿದರು. ಮಗಳು ಮೇಲಿನಿಂದ ಎಣ್ಣೆ ಹಾಕುತ್ತಿರಬೇಕು. ಅಳಿಯ ಅಂಗಡಿಗೆ ಹೋಗಿದ್ದ. ಒಳಗೆ ಕೂತು ಪೆಡಲ್ಲು ಒತ್ತುವವರಿಲ್ಲ.

“ಅಮ್ಮಾ, ಬಾ ಇಲ್ಲಿ,” ಎಂದಳು ಮಗಳು.

ಊರಿಗೆಲ್ಲ ಕಾರು ಕಲಿಸಿದ ಮನೆಯಲ್ಲಿ ಮೇಷ್ಟ್ರಮ್ಮ ಒಮ್ಮೆಯೂ ಆ ಸೀಟಿನಲ್ಲಿ ಕೂತವರಲ್ಲ. ಒದ್ದೆ ಕೈ ಒರೆಸಿಕೊಂಡು ಬಂದು ಹತ್ತಿದರು. ಯಾವುದು ಬ್ರೇಕು ಎಂದು ಕೇಳಿದರು. ನಡುವಿನದು ಎಂದು ಮೂವರೂ ಒಟ್ಟಿಗೆ ಹೇಳಿದರು.

“ಒತ್ತು.”

ಒತ್ತಿದರು. ಪೆಡಲ್ಲು ಮೆತ್ತಗೆ ಕೆಳಗಿಳಿದು ನೆಲ ಮುಟ್ಟಿತು. ಇಳಿಜಾರಿನಲ್ಲಿ ಅಂಚೆ ಕಚೇರಿಯಾಕೆಯ ಕಾಲಿನಡಿ ಇದೇ ಇಳಿದದ್ದು. ಇಲ್ಲಿ ಅಂಗಳ, ಚಕ್ರಕ್ಕೆ ಕಲ್ಲು ಕೊಟ್ಟಿದೆ. ಆದರೂ ಆಕೆಯ ಎರಡೂ ಕೈ ತಾವಾಗೇ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದುಕೊಂಡವು.

“ಹಿಡ್ಕೊಂಡಿರು. ಬಿಡಬೇಡ... ಈಗ ಬಿಡು. ಮತ್ತೆ ಒತ್ತು,” ಎನ್ನುತ್ತಿದ್ದರು ಮೇಷ್ಟ್ರು. ಬಾಟಲಿಯೊಳಗೆ ಗುಳ್ಳೆಗಳು ಬುಳಬುಳ ಎಂದವು. ಒಂದು ಚಕ್ರ, ಎರಡು ಚಕ್ರ. ಮೂರನೆಯದಕ್ಕೆ ಬರುವಷ್ಟರಲ್ಲಿ ಪೆಡಲ್ಲು ಕಾಲಿಗೆ ಎದುರು ನಿಲ್ಲತೊಡಗಿತು. ನಾಲ್ಕನೆಯದು ಮುಗಿದಾಗ ಆಕೆ ಪೂರ್ತಿ ಬಲ ಹಾಕಿದರೂ ಅರ್ಧಕ್ಕೆ ಗಟ್ಟಿಯಾಗಿ ನಿಂತಿತು.

“ಈಗ ಇಳೀತಿಲ್ಲ,” ಎಂದರು ಮೇಷ್ಟ್ರಮ್ಮ.

ಮಗಳು ಬಂದು ತಾನೂ ಒತ್ತಿ ನೋಡಿದಳು. ಮೂರು ದಿನ ಬರೀ ಮೈದಾನದಲ್ಲಲ್ಲ, ಎಲ್ಲ ರಸ್ತೆಯಲ್ಲೂ ಓಡಿಸಿದಳು. ಡಬ್ಬಿಯನ್ನು ತನ್ನ ಕೋಣೆಯಲ್ಲಿಟ್ಟು ಬೀಗ ಹಾಕಿದಳು. ಎಣ್ಣೆ ಗೆರೆಯ ಮೇಲೇ ನಿಂತಿತು. ಆಮೇಲೆ ಊಟಕ್ಕೆ ಕೂತಾಗ, ಪಾಠ ಶುರು ಮಾಡುವ ಮೊದಲು ಎಲ್ಲರಿಗೂ ನಡೆದದ್ದನ್ನು ಹೇಳಬೇಕು, ನಾನೇ ಫೋನು ಮಾಡುತ್ತೇನೆ ಎಂದಳು. ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು.

“ಫೋನಲ್ಲಿ ಹೇಳೋ ಮಾತಲ್ಲ ಇದು. ನೀನು ಹೇಳೋ ಮಾತೂ ಅಲ್ಲ. ಒಂದೊಂದೇ ಮನೆಗೆ ಕರ್ಕೊಂಡು ಹೋಗು.”

ಮೊದಲು ಹೋದದ್ದು ಅಂಚೆ ಕಚೇರಿಯಾಕೆಯ ಮನೆಗೆ. ಮೇಷ್ಟ್ರಿಗೆ ಮೆಟ್ಟಿಲು ಕಾಣುವುದಿಲ್ಲವೆಂದು ಮೇಷ್ಟ್ರಮ್ಮನೂ ಜೊತೆಗೆ ಹೊರಟರು. ಎರಡನೆಯ ಮಹಡಿಯ ಚಿಕ್ಕ ಮನೆ. ಆಕೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು; ಒಳಕೋಣೆಯ ಮಂಚದ ಮೇಲೆ ಅಕ್ಕ ಮಲಗಿದ್ದು ಕಾಣುತ್ತಿತ್ತು. ಮೂವರನ್ನೂ ಕಂಡು ಗಾಬರಿಯಾಗಿ ಕುರ್ಚಿ ಎಳೆದರು. ಮೇಷ್ಟ್ರು ಕೂರಲಿಲ್ಲ.

“ನಿಮ್ಮ ಕಾಲು ಸರಿಯಾಗೇ ಇತ್ತು. ಬ್ರೇಕೇ ಇರ್ಲಿಲ್ಲ. ಐದು ವಾರದಿಂದ ಎಣ್ಣೆ ಕಮ್ಮಿ ಆಗ್ತಿತ್ತು, ನಾನು ಯಾರಿಗೂ ಹೇಳ್ದೆ ಸುರೀತಿದ್ದೆ. ಜ್ವರ ಬಂದು ಸುರಿಯೋಕಾಗ್ಲಿಲ್ಲ. ಆಮೇಲೂ ಮುಚ್ಚಿಟ್ಟೆ. ತಪ್ಪು ನಂದು.”

ಇಷ್ಟು ಹೇಳಿ ಅವರು ಒಡೆದ ದನಿಯಲ್ಲಿ ಕೆಮ್ಮಿದರು. “ಮಗಳಿಗೆ ಗೊತ್ತಿರ್ಲಿಲ್ಲ. ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ,” ಎಂದು ಸೇರಿಸಿದರು.

ಮೇಷ್ಟ್ರಮ್ಮ ಗಂಡನ ಮುಖ ನೋಡಿದರು. ಆ ಭಾನುವಾರ ಊಟದ ಹೊತ್ತಿನಲ್ಲಿ ಸುಮ್ಮನಿದ್ದು ತನ್ನನ್ನು ಉಳಿಸಿದ್ದರು. ಈಗ ಸುಳ್ಳು ಹೇಳಿ ಉಳಿಸುತ್ತಿದ್ದಾರೆ. ಅದನ್ನು ಹಾಗೇ ಬಿಟ್ಟರೆ ಇನ್ನು ಜನ್ಮದಲ್ಲಿ ಯಾರೂ ಕೇಳುವುದಿಲ್ಲ.

“ನಂಗೆ ಗೊತ್ತಿತ್ತು,” ಎಂದರು. “ಅವತ್ತು ಬೆಳಿಗ್ಗೆ ಎಣ್ಣೆ ಹಾಕು ಅಂತ ಇವರು ನಂಗೆ ಹೇಳಿದ್ರು. ಹೋಗೋಷ್ಟರಲ್ಲಿ ಕಾರು ಹೊರಟುಹೋಗಿತ್ತು. ಫೋನ್ ಮಾಡಬಹುದಿತ್ತು. ಮಾಡ್ಲಿಲ್ಲ.”

ಮಗಳು ಚಟಕ್ಕನೆ ತಾಯಿಯ ಕಡೆ ತಿರುಗಿದಳು. ಅಂಚೆ ಕಚೇರಿಯಾಕೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ತೆಗೆದರು, ವೈರನ್ನು ನಿಧಾನವಾಗಿ ಸುತ್ತಿಟ್ಟರು. ಆಮೇಲೆ ಕೂತರು.

“ಎಷ್ಟು ದಿನ ನನ್ನ ಕಾಲನ್ನ ನಾನೇ ಬೈಕೊಂಡಿದೀನಿ ಗೊತ್ತಾ? ಬಸ್ಸಲ್ಲಿ ಆ ಬೆಂಚು ದಾಟುವಾಗ ಕಣ್ಣು ಮುಚ್ಚಿಕೊಳ್ತೀನಿ.”

ಆಕೆ ಒಳಕೋಣೆಯ ಮಂಚದ ಕಡೆ ಒಮ್ಮೆ ನೋಡಿದರು.

“ಬಂದು ಹೇಳಿದ್ರಿ. ಇಲ್ದಿದ್ರೆ ನಾನು ಹಾಗೇ ಅಂದ್ಕೊಂಡು ಸಾಯ್ತಿದ್ದೆ. ಕಲಿಯೋದು ಬಿಡಲ್ಲ ನಾನು. ಆದ್ರೆ ನಿಮ್ಮಲ್ಲಿಗೆ ಬರಲ್ಲ.”

“ಬರಬೇಡಿ,” ಎಂದರು ಮೇಷ್ಟ್ರು. “ಮಾರ್ಕೆಟ್ ಹಿಂದೆ ಒಬ್ಬ ಇದಾನೆ. ಕೂಗಾಡಲ್ಲ, ಚೆನ್ನಾಗಿ ಕಲಿಸ್ತಾನೆ.” ಇಪ್ಪತ್ತು ವರ್ಷದಿಂದ ಮೇಷ್ಟ್ರ ಬಾಯಲ್ಲಿ ಒಳ್ಳೆಯ ಮಾತು ಕೇಳದಿದ್ದ ಎದುರಾಳಿ ಅವನು.

ಕೆಳಗೆ ಬಂದು ಕಾರಿನಲ್ಲಿ ಕೂತರು. ಮಗಳು ಕೀಲಿ ಹಾಕಿದಳು, ತಿರುಗಿಸಲಿಲ್ಲ.

“ಒಂದು ಫೋನು ಅಮ್ಮ. ಒಂದು ನಿಮಿಷ.”

“ಹೂಂ.”

“ಯಾಕ್ ಮಾಡ್ಲಿಲ್ಲ?”

“ಒಂದು ದಿನಕ್ಕೆ ಏನಾಗತ್ತೆ ಅಂದ್ಕೊಂಡೆ. ನಿಮ್ಮಪ್ಪನ ಮಾನ ಹೋಗತ್ತೆ ಅಂತಾನೂ ಅಂದ್ಕೊಂಡೆ. ನೀನು ಗಾಡೀಲಿದೀಯ ಅನ್ನೋದು ತಲೇಲಿತ್ತು. ಆದ್ರೂ ಮಾಡ್ಲಿಲ್ಲ.”

ಮಗಳು ಕನ್ನಡಿಯಲ್ಲಿ ಹಿಂದಿನ ಸೀಟಿನಲ್ಲಿದ್ದ ತಾಯಿಯನ್ನು ನೋಡಿದಳು. ಕಣ್ಣು ಕೆಂಪಗಾಗಿತ್ತು, ಸಿಟ್ಟೋ ಅಳುವೋ, ಎರಡೂ ಇದ್ದಿರಬಹುದು. ಮುಂಗೈಯಿಂದ ಮೂಗು ಒರೆಸಿಕೊಂಡು ಗಾಡಿ ಚಾಲೂ ಮಾಡಿದಳು.

“ಇನ್ನು ಹತ್ತು ಮನೆ ಇದೆ. ಪ್ರತಿ ಮನೇಲೂ ಇಬ್ಬರೂ ಹೇಳಬೇಕು. ಒಬ್ಬರು ಹೇಳಿ ಇನ್ನೊಬ್ಬರು ಸುಮ್ನೆ ನಿಲ್ಲೋದಲ್ಲ.”

ಎರಡನೆಯದು ಚಪ್ಪಲಿ ಅಂಗಡಿಯವರ ಮನೆ. ಆತ ಗೇಟಿನ ಹತ್ತಿರವೇ ಗಿಡಗಳಿಗೆ ನೀರು ಹಾಕುತ್ತಿದ್ದರು. ಮೂವರೂ ಇಳಿಯುವುದನ್ನು ಕಂಡು, “ಏನ್ ಮೇಷ್ಟ್ರೇ, ಮನೆ ಮಂದಿಯೆಲ್ಲ ಹೊರಟಿದೀರಿ?” ಎಂದು ನಗುತ್ತ ಕೇಳಿದರು.

ಮೇಷ್ಟ್ರು ಮಾತಿಗೆ ತಡಕಾಡಿದರು. ಮೇಷ್ಟ್ರಮ್ಮ ಅವರ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು.

“ಒಂದು ವಿಷಯ ಹೇಳೋಕೆ ಬಂದಿದೀವಿ,” ಎಂದರು. “ಈ ಸಲ ನಾನು ಮೊದಲು ಹೇಳ್ತೀನಿ.”